ಭವಿಷ್ಯ ನಿಧಿ ಆಯುಕ್ತರಿಗೆ ಬಹಿರಂಗ ಪತ್ರ: ಎಐ ಹೇಳಿದ ಪಿಂಚಣಿ ಲೆಕ್ಕಕ್ಕೆ ಯಾರು ಹೊಣೆ?

ಕೇಂದ್ರ ಭವಿಷ್ಯ ನಿಧಿ ಆಯುಕ್ತರಿಗೆ,
ಪ್ರತಿ: ಪಿಎಫ್‌ಆರ್‌ಡಿಎ (ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರ) ಅಧ್ಯಕ್ಷರು, ಆರ್ಥಿಕ ಇಲಾಖೆ, ಕರ್ನಾಟಕ ಸರ್ಕಾರ, ಪಿಎಫ್ ಖಾತೆ ಇರುವ ಎಲ್ಲರಿಗೂ

ಮಾನ್ಯರೇ,

ಪಿಎಫ್ ಕಚೇರಿಯ ಕೌಂಟರಿನಲ್ಲೂ ತೆರಿಗೆ ಸಲಹೆಗಾರರ ಮೇಜಿನ ಮುಂದೆಯೂ ಜನ ಕೇಳುವ ಧಾಟಿ ಬದಲಾಗಿದೆ. ‘ನನಗೆ ಎಷ್ಟು ಪಿಂಚಣಿ ಬರುತ್ತೆ ಸಾರ್’ ಎನ್ನುತ್ತಿದ್ದವರು ಈಗ ಮೊಬೈಲ್ ಮುಂದೆ ಹಿಡಿದು ‘ಇಷ್ಟು ಬರುತ್ತೆ ಅಂತ ಇದರಲ್ಲಿದೆ, ನೀವ್ಯಾಕೆ ಕಮ್ಮಿ ಹೇಳ್ತೀರಿ’ ಎನ್ನುತ್ತಾರೆ. ತೋರಿಸುವ ಉತ್ತರ ನೋಡಲು ಚೆನ್ನಾಗಿಯೇ ಇರುತ್ತದೆ. ಸೂತ್ರ ಇದೆ, ಕಲಂ ಸಂಖ್ಯೆ ಇದೆ, ಕೊನೆಗೆ ದಪ್ಪಕ್ಷರದಲ್ಲಿ ಮೊತ್ತವೂ ಇದೆ. ಮೊತ್ತ ಮಾತ್ರ ತಪ್ಪು.

ಪಿಎಫ್, ಪಿಂಚಣಿ, ತೆರಿಗೆಯ ಕಾಗದಪತ್ರವನ್ನೇ ದಿನವಿಡೀ ನೋಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಎಐ ಬಳಸಬೇಡಿ ಎಂದು ಬೋಧಿಸುವುದಕ್ಕಲ್ಲ; ಹೇಳಿದರೂ ಯಾರೂ ಕೇಳುವುದಿಲ್ಲ. ನಮ್ಮ ತಕರಾರು ಬೇರೆ. ಪಿಂಚಣಿ ನಿಯಮ ಎಲ್ಲರಿಗೂ ಒಂದೇ ಅಲ್ಲ, ಕೆಲಸಕ್ಕೆ ಸೇರಿದ ತಾರೀಖು ನೋಡಿಕೊಂಡು ಬದಲಾಗುತ್ತದೆ. ಎಐ ಆ ತಾರೀಖು ಕೇಳದೆಯೇ ಉತ್ತರ ಕೊಟ್ಟುಬಿಡುತ್ತದೆ. ತಾರೀಖು ಹೇಳಬೇಕೆಂದು ಕೇಳುವವರಿಗೂ ಗೊತ್ತಿರುವುದಿಲ್ಲ, ಏಕೆಂದರೆ ತಮ್ಮ ಸಂಸ್ಥೆ ಇಪಿಎಫ್‌ಒ ಅದನ್ನು ಕನ್ನಡದಲ್ಲಿ, ಒಂದೇ ಕಡೆ, ತಿಳಿಯುವ ಹಾಗೆ ಬರೆದಿಟ್ಟಿಲ್ಲ.

ಒಂದೇ ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. ಒಬ್ಬರು 1 ಸೆಪ್ಟೆಂಬರ್ 2008ರಂದು ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿದರು, 31 ಆಗಸ್ಟ್ 2024ಕ್ಕೆ 58 ತುಂಬಿ ನಿವೃತ್ತರಾದರು ಎಂದಿಟ್ಟುಕೊಳ್ಳಿ. ಸೇವೆ ನಡುವೆ ಎಲ್ಲೂ ಕಡಿದಿಲ್ಲ, ಒಟ್ಟು 16 ವರ್ಷ. ಕೊನೆಯ 60 ತಿಂಗಳ ಮೂಲವೇತನ, ಡಿಎ ಸೇರಿದ ಸರಾಸರಿ 48,000 ರೂಪಾಯಿ. ಪಿಂಚಣಿ ಖಾತೆಗೆ ಕಂಪನಿ ಕಟ್ಟಿದ್ದು ಕಾನೂನಿನ ಮಿತಿಯ ಮೇಲೆ ಮಾತ್ರ. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಾದ ಇಪಿಎಸ್-95ರ ಸೂತ್ರ ಎಲ್ಲರಿಗೂ ಬಾಯಿಪಾಠ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವಾವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು.

‘ನನ್ನ ಬೇಸಿಕ್ 48,000, ಸರ್ವಿಸ್ 16 ವರ್ಷ’ ಎಂದಷ್ಟೇ ಹೇಳಿ ಕೇಳಿದರೆ ಎಐ 48,000 × 16 ÷ 70 ಎಂದು ಹಾಕಿ 10,971 ರೂಪಾಯಿ ಎನ್ನಬಹುದು. ಸ್ವಲ್ಪ ಓದಿಕೊಂಡ ಎಐ ಆದರೆ 15,000 ರೂಪಾಯಿಯ ಮಿತಿ ಇದೆ ಎಂದು ನೆನಪಿಸಿಕೊಂಡು 3,429 ಎನ್ನುತ್ತದೆ. ಇನ್ನೂ ಸ್ವಲ್ಪ ಓದಿಕೊಂಡಿದ್ದು ‘ಎರಡು ವರ್ಷ ಬೋನಸ್ ಸೇವೆ ಸೇರುತ್ತದೆ’ ಎಂದು 18 ವರ್ಷ ಹಿಡಿದು 3,857ಕ್ಕೆ ಏರಿಸುತ್ತದೆ. ಆ ಎರಡು ವರ್ಷ ಸಿಗುವುದು 20 ವರ್ಷ ಅಥವಾ ಹೆಚ್ಚು ಸೇವೆ ಇದ್ದವರಿಗೆ.

ನಿಜವಾದ ಲೆಕ್ಕ ಎರಡು ತುಂಡು. ವೇತನ ಮಿತಿ 6,500ರಿಂದ 15,000ಕ್ಕೆ ಏರಿದ್ದು 1 ಸೆಪ್ಟೆಂಬರ್ 2014ರಂದು. ಅದಕ್ಕೆ ಮೊದಲಿನ ಸೇವೆಗೆ ಹಳೆಯ ಮಿತಿ, ಆಮೇಲಿನ ಸೇವೆಗೆ ಹೊಸ ಮಿತಿ. ಮೊದಲ 6 ವರ್ಷಕ್ಕೆ 6,500 × 6 ÷ 70, ಅಂದರೆ 557 ರೂಪಾಯಿ 14 ಪೈಸೆ. ನಂತರದ 10 ವರ್ಷಕ್ಕೆ 15,000 × 10 ÷ 70, ಅಂದರೆ 2,142 ರೂಪಾಯಿ 86 ಪೈಸೆ. ಕೂಡಿದರೆ ತಿಂಗಳಿಗೆ 2,700 ರೂಪಾಯಿ.

ಹನ್ನೊಂದು ಸಾವಿರದ ಹತ್ತಿರ ಬರುತ್ತದೆಂದು ನಂಬಿ ಮಗಳ ಮದುವೆ ಸಾಲದ ಕಂತು ಗೊತ್ತುಮಾಡಿಕೊಂಡವರಿಗೆ 2,700 ಬಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಇಲ್ಲಿ ಯಂತ್ರ ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ. ಮೂರು ಉತ್ತರದ ಭಾಗಾಕಾರವೂ ಸರಿಯೇ. ತಪ್ಪಿದ್ದು ಯಾವ ನಿಯಮ ಯಾವ ಅವಧಿಗೆ ಎಂಬುದರಲ್ಲಿ. ಆದ್ದರಿಂದ ‘ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಮಾಡಿ ನೋಡಿದೆ, ಸರಿಯಾಗಿದೆ’ ಎನ್ನುವುದು ಪರೀಕ್ಷೆಯೇ ಅಲ್ಲ.

ಖಾತೆದಾರರು ಇದನ್ನು ತಾವೇ ಕಂಡುಕೊಳ್ಳಲು ಸುಲಭ ದಾರಿಯಿದೆ. ಪಾಸ್‌ಬುಕ್‌ನ ಕೊನೆಯ ಕಾಲಂ ‘ಪಿಂಚಣಿ ವಂತಿಗೆ’ ನೋಡಿ. 2014ರ ಆಗಸ್ಟ್ ತನಕ ತಿಂಗಳಿಗೆ 541, ಆಮೇಲೆ 1,250 ಎಂದಿದ್ದರೆ ನೀವು ಮಿತಿಯ ಮೇಲೆ ಕಟ್ಟಿದವರು. 6,500ರ ಶೇ 8.33 ಎಂದರೆ 541, 15,000ದ್ದು 1,250. ನಿಮ್ಮ ಬೇಸಿಕ್ 48,000 ಇದ್ದರೆ ನಿಮ್ಮ ಪಾಲು 5,760. ಕಂಪನಿಯ ಪಾಲೂ 5,760, ಅದರಲ್ಲಿ 1,250 ಪಿಂಚಣಿಗೆ ಹೋಗಿ ಉಳಿದ 4,510 ಪಿಎಫ್‌ಗೆ. ಇದನ್ನೇ ಎಐ ಶೇ 8.33 ಮತ್ತು ಶೇ 3.67 ಎಂದು ಪೂರ್ತಿ ಸಂಬಳಕ್ಕೆ ಹಚ್ಚಿ 3,998 ಮತ್ತು 1,762 ಎಂದು ಬಿಡಿಸುತ್ತದೆ. ಆ ಲೆಕ್ಕ ಹಿಡಿದು ‘ಕಂಪನಿ ಪಿಂಚಣಿಗೆ ಕಮ್ಮಿ ಕಟ್ಟಿದೆ’ ಎಂದು ದೂರು ಬರೆಸುವವರಿದ್ದಾರೆ, ದೂರಿನ ಕರಡೂ ಎಐದೇ.

ಅದೇ ಕಾಲಂ ಇನ್ನೂ ಎರಡು ಗೊಂದಲ ಹುಟ್ಟಿಸುತ್ತದೆ. ಪಿಂಚಣಿ ಕಾಲಂನ ಮೊತ್ತಕ್ಕೆ ಬಡ್ಡಿ ಸೇರುವುದಿಲ್ಲ. ಅದು ಉಳಿತಾಯ ಖಾತೆಯಲ್ಲ. ಪಾಸ್‌ಬುಕ್ ಪಿಡಿಎಫ್ ಅಪ್‌ಲೋಡ್ ಮಾಡಿ ‘ನನ್ನ ಒಟ್ಟು ಹಣ ಎಷ್ಟು’ ಎಂದು ಕೇಳಿದರೆ ಮೂರೂ ಕಾಲಂ ಕೂಡಿಸಿ ಅದಕ್ಕೆ ಶೇ 8.25ರ ಬಡ್ಡಿ ಹಾಕಿ ತೋರಿಸಿದ ಉತ್ತರಗಳಿವೆ. ಹತ್ತು ವರ್ಷಕ್ಕಿಂತ ಕಡಿಮೆ ಸೇವೆಯವರು ಪಿಂಚಣಿ ಹಣ ಹಿಂತೆಗೆದರೆ ಸಿಗುವುದು ಕಟ್ಟಿದ ಮೊತ್ತದ ಮೇಲೆ ನಿಂತಿಲ್ಲ. ಅದು ಯೋಜನೆಯ ‘ಟೇಬಲ್ ಡಿ’ ಪ್ರಕಾರ, ಸೇವೆಯ ಅವಧಿ ಮತ್ತು ಸಂಬಳ ನೋಡಿಕೊಂಡು ಸಿಗುವ ಮೊತ್ತ. ಎರಡನೆಯದು, ಕಂಪನಿ ಬದಲಿಸಿ ಪಿಎಫ್ ವರ್ಗಾಯಿಸಿಕೊಂಡಾಗ ಹೊಸ ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಹಳೆಯ ಮೊತ್ತ ಕಾಣುವುದಿಲ್ಲ. ವರ್ಗವಾಗುವುದು ಸೇವೆಯ ಅವಧಿ. ಪೋರ್ಟಲ್‌ನ ‘ಸರ್ವಿಸ್ ಹಿಸ್ಟರಿ’ಯಲ್ಲಿ ಹಳೆಯ ಕಂಪನಿ ಇದ್ದರೆ ಸಾಕು. ‘ನಿಮ್ಮ ಪಿಂಚಣಿ ಹಣ ಕಾಣೆಯಾಗಿದೆ’ ಎಂದು ಯಂತ್ರ ಹೇಳಿದ ಮಾತ್ರಕ್ಕೆ ಕಾಣೆಯಾಗಿರುವುದಿಲ್ಲ.

ಇನ್ನು ಎಐ ಕೇಳದೇ ಬಿಡುವ ಪ್ರಶ್ನೆಗಳು. ನೀವು 1 ಸೆಪ್ಟೆಂಬರ್ 2014ರ ನಂತರ ಮೊದಲ ಬಾರಿಗೆ ಪಿಎಫ್ ಸದಸ್ಯರಾದವರೇ? ಆಗಲೇ ನಿಮ್ಮ ಸಂಬಳ 15,000 ದಾಟಿತ್ತೇ? ಎರಡಕ್ಕೂ ಹೌದು ಎಂದಾದರೆ ನೀವು ಇಪಿಎಸ್ ಸದಸ್ಯರೇ ಅಲ್ಲ. ಕಂಪನಿಯ ಪೂರ್ತಿ ಶೇ 12 ಪಿಎಫ್‌ಗೇ ಹೋಗಬೇಕು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕಳೆದ ಹತ್ತು ವರ್ಷದಲ್ಲಿ ಕೆಲಸಕ್ಕೆ ಸೇರಿದ ಬಹಳಷ್ಟು ಜನ ಈ ಗುಂಪಿನವರು. ಅವರಿಗೂ ಎಐ ‘58ಕ್ಕೆ ನಿಮಗೆ ಇಷ್ಟು ಪಿಂಚಣಿ’ ಎಂದು ಲೆಕ್ಕ ಹಾಕಿ ಕೊಡುತ್ತದೆ. ನಿಮ್ಮ ಕಂಪನಿಗೆ ಸ್ವಂತ ಪಿಎಫ್ ಟ್ರಸ್ಟ್ ಇದೆಯೇ? ಇದ್ದರೆ ಪಿಎಫ್ ಹಣ ಟ್ರಸ್ಟ್‌ನಲ್ಲಿ, ಪಿಂಚಣಿ ಮಾತ್ರ ಇಪಿಎಫ್‌ಒದಲ್ಲಿ. ಪೋರ್ಟಲ್‌ನಲ್ಲಿ ಪಿಎಫ್ ಮೊತ್ತ ಕಾಣದಿದ್ದರೆ ಕಂಪನಿ ಕಟ್ಟಿಲ್ಲ ಎಂದರ್ಥವಲ್ಲ. ಸಂಬಳವಿಲ್ಲದ ರಜೆ ಎಷ್ಟು ದಿನ ಹಾಕಿದ್ದೀರಿ? ಅವು ‘ಎನ್‌ಸಿಪಿ’ ದಿನಗಳೆಂದು ದಾಖಲಾಗಿ ಪಿಂಚಣಿಯ ಸೇವೆಯಿಂದ ಕಳೆದುಹೋಗುತ್ತವೆ. ಸೇರಿದ ತಾರೀಖು, ಬಿಟ್ಟ ತಾರೀಖು ಎರಡನ್ನೇ ನೋಡಿ ಸೇವೆ ಎಣಿಸುವವರಿಗೆ ಇದು ಹೊಳೆಯುವುದಿಲ್ಲ, ಯಂತ್ರಕ್ಕೂ ಇಲ್ಲ.

ನಮ್ಮ ದೃಷ್ಟಿಯಲ್ಲಿ ಅತ್ಯಂತ ಅಪಾಯದ್ದು ಪಿಂಚಣಿ ಹಣ ಹಿಂತೆಗೆಯುವ ಅರ್ಜಿ, ಫಾರ್ಮ್ 10ಸಿ. ಲೆಕ್ಕ ತಪ್ಪಾದರೆ ಬೇಸರವಾಗುತ್ತದೆ, ತಿದ್ದಿಕೊಳ್ಳಬಹುದು. ಪಿಂಚಣಿ ಹಣ ಹಿಂತೆಗೆದರೆ ಆ ಸೇವೆಯೇ ಅಳಿಸಿಹೋಗುತ್ತದೆ. ಮೊದಲ ಕಂಪನಿಯಲ್ಲಿ 8 ವರ್ಷ, ಎರಡನೆಯದರಲ್ಲಿ 5 ವರ್ಷ ದುಡಿದವರು ಸೇವೆ ಸೇರಿಸಿಕೊಂಡರೆ 13 ವರ್ಷ, ಜೀವನಪರ್ಯಂತ ಪಿಂಚಣಿ. 8 ವರ್ಷದ್ದನ್ನು ಹಿಂತೆಗೆದಿದ್ದರೆ ಉಳಿಯುವುದು 5, ಬೇಕಾದ 10 ವರ್ಷ ತುಂಬದೆ ಪಿಂಚಣಿ ಇಲ್ಲ. ‘ಕೆಲಸ ಬಿಟ್ಟಿದ್ದೇನೆ, ದುಡ್ಡು ಬೇಕು, ಯಾವ ಫಾರ್ಮ್ ಹಾಕಲಿ’ ಎಂದು ಕೇಳಿದರೆ ಎಐ ಪಿಎಫ್ ತೆಗೆಯುವ ಫಾರ್ಮ್ 19 ಮತ್ತು 10ಸಿ ಎರಡನ್ನೂ ಹಾಕಿ ಎನ್ನುತ್ತದೆ. ಕೇಳಿದ್ದಕ್ಕೆ ಅದು ಉತ್ತರವೇ ಹೌದು. ಆದರೆ ಅದೇ 10ಸಿಯಲ್ಲಿ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಪಡೆದು ಸೇವೆ ಉಳಿಸಿಕೊಳ್ಳಬಹುದು ಎಂಬುದನ್ನು ಪ್ರತ್ಯೇಕವಾಗಿ ಕೇಳದಿದ್ದರೆ ಹೇಳುವುದು ಅಪರೂಪ. ಇನ್ನೊಂದು ಸೂಕ್ಷ್ಮ: ಆರು ತಿಂಗಳು ಅಥವಾ ಹೆಚ್ಚಿನ ಅವಧಿಯನ್ನು ಒಂದು ವರ್ಷವೆಂದು ಹಿಡಿಯುವುದರಿಂದ 9 ವರ್ಷ 6 ತಿಂಗಳಾದವರಿಗೆ 10 ವರ್ಷ ಆದಂತೆಯೇ. ‘ನಿಮಗಿನ್ನೂ ಹತ್ತು ತುಂಬಿಲ್ಲ, ಪೂರ್ತಿ ತೆಗೆಯಬಹುದು’ ಎನ್ನುವ ಉತ್ತರ ಇವರ ಪಾಲಿಗೆ ತಪ್ಪು.

50 ದಾಟಿದವರಿಗೆ ‘ಈಗಲೇ ಪಿಂಚಣಿ ಶುರು ಮಾಡಿಕೊಳ್ಳಬಹುದು’ ಎಂಬ ಸಲಹೆಯೂ ಹೀಗೆಯೇ. ಮಾಡಬಹುದು, ನಿಜ. 58ಕ್ಕೆ ಎಷ್ಟು ವರ್ಷ ಕಮ್ಮಿಯೋ ಅಷ್ಟಕ್ಕೂ ವರ್ಷಕ್ಕೆ ಶೇ 4ರಂತೆ ಕಡಿತ, ಅದೂ ಕೊನೆಯವರೆಗೆ.

ಮುಚ್ಚಿಹೋದ ಬಾಗಿಲನ್ನು ತೆರೆದಿದೆ ಎನ್ನುವುದು ಇನ್ನೊಂದು ಬಗೆಯ ತಪ್ಪು. ಮಿತಿ ಬಿಟ್ಟು ಪೂರ್ತಿ ಸಂಬಳದ ಮೇಲೆ ಹೆಚ್ಚಿನ ಪಿಂಚಣಿ ಪಡೆಯಲು ನೌಕರರು, ಕಂಪನಿ ಸೇರಿ ‘ಜಂಟಿ ಆಯ್ಕೆ’ ಸಲ್ಲಿಸುವ ಅವಕಾಶ ಸುಪ್ರೀಂ ಕೋರ್ಟ್‌ನ 4 ನವೆಂಬರ್ 2022ರ ತೀರ್ಪಿನಿಂದ ಬಂದು, ಹಲವು ಬಾರಿ ವಿಸ್ತರಣೆಯಾಗಿ 11 ಜುಲೈ 2023ಕ್ಕೆ ಮುಗಿಯಿತು. ಆ ಹೊತ್ತಿನಲ್ಲಿ ಇಂಟರ್ನೆಟ್ಟಿನ ತುಂಬ ‘ಅರ್ಜಿ ಹಾಕುವುದು ಹೇಗೆ’ ಎಂಬ ಬರಹಗಳೇ. ಎಐ ಕಲಿತದ್ದು ಅವುಗಳಿಂದ, ಆದ್ದರಿಂದ ಈಗಲೂ ಹಂತ ಹಂತವಾಗಿ ದಾರಿ ತೋರಿಸುತ್ತದೆ. ಹಿರಿಯರಿಗೆ ‘ಪ್ರಧಾನಮಂತ್ರಿ ವಯ ವಂದನ ಯೋಜನೆಯಲ್ಲಿ ಹಣ ಇಡಿ’ ಎನ್ನುತ್ತದೆ. ಅದರ ಹೊಸ ಪಾಲಿಸಿ 31 ಮಾರ್ಚ್ 2023ಕ್ಕೇ ನಿಂತಿದೆ. ಅಟಲ್ ಪಿಂಚಣಿ ಯೋಜನೆಗೆ ಆದಾಯ ತೆರಿಗೆ ಕಟ್ಟುವವರು 1 ಅಕ್ಟೋಬರ್ 2022ರಿಂದ ಸೇರುವಂತಿಲ್ಲ. ಒಂದು ವಿಷಯದ ಬಗ್ಗೆ ಎಷ್ಟು ಹೆಚ್ಚು ಬರೆದಿದ್ದಾರೋ ಅದನ್ನೇ ಎಐ ಹೆಚ್ಚು ಧೈರ್ಯದಿಂದ ಹೇಳುತ್ತದೆ. ಯೋಜನೆ ಶುರುವಾದಾಗ ನೂರು ಲೇಖನ ಬರುತ್ತವೆ, ನಿಂತಾಗ ಎರಡೋ ಮೂರೋ.

ಉಲ್ಟಾ ತಪ್ಪೂ ಇದೆ. ಜಾರಿಗೇ ಬರದದ್ದನ್ನು ಬಂದಿದೆ ಎನ್ನುವುದು. 13 ಅಕ್ಟೋಬರ್ 2025ರಂದು ತಮ್ಮ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಹಣ ಹಿಂತೆಗೆಯುವ ನಿಯಮ ಬದಲಿಸಲು ತೀರ್ಮಾನಿಸಿತು. ಕೆಲಸ ಹೋದ ಮೇಲೆ ಪೂರ್ತಿ ಪಿಎಫ್ ತೆಗೆಯಲು 2 ತಿಂಗಳ ಬದಲು 12 ತಿಂಗಳು, ಪಿಂಚಣಿ ಹಣಕ್ಕೆ 36 ತಿಂಗಳು ಎಂಬುದು ಅದರಲ್ಲಿ ಸೇರಿತ್ತು. ಮರುದಿನವೇ ಅದು ‘ಹೊಸ ನಿಯಮ’ ಎಂದು ಎಲ್ಲೆಡೆ ಹರಡಿತು. ಮಂಡಳಿಯ ತೀರ್ಮಾನ ಒಂದು ಹಂತ, ಗೆಜೆಟ್ ಅಧಿಸೂಚನೆ ಇನ್ನೊಂದು, ಪೋರ್ಟಲ್ ಅದರಂತೆ ಬದಲಾಗುವುದು ಮೂರನೆಯದು. ಈ ಮೂರನ್ನೂ ಎಐ ಒಂದೇ ವಾಕ್ಯದಲ್ಲಿ ಕಲಸುತ್ತದೆ. 21 ನವೆಂಬರ್ 2025ರಂದು ಕಾರ್ಮಿಕ ಸಂಹಿತೆಗಳು ಜಾರಿಯಾದಾಗಲೂ ಹೀಗೇ ಆಯಿತು. ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂಬುದು ನಿಗದಿತ ಅವಧಿಯ ಕರಾರಿನ ನೌಕರರಿಗೆ. ಕಾಯಂ ನೌಕರರಿಗೆ ಐದು ವರ್ಷದ ಷರತ್ತು ಉಳಿದೇ ಇದೆ. ‘ಎಲ್ಲರಿಗೂ ಒಂದೇ ವರ್ಷ ಸಾಕು’ ಎಂದು ಓದಿ ನಾಲ್ಕನೇ ವರ್ಷದಲ್ಲಿ ರಾಜೀನಾಮೆ ಕೊಟ್ಟರೆ ನಷ್ಟ ಯಾರದು?

ಪಿಎಫ್‌ಆರ್‌ಡಿಎ ಅಧ್ಯಕ್ಷರ ಗಮನಕ್ಕೆ: ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಎನ್‌ಪಿಎಸ್‌ನಿಂದ ಹೊರಬರುವ ನಿಯಮ 2025ರ ಡಿಸೆಂಬರ್‌ನಲ್ಲಿ ಬದಲಾಗಿ, ಸರ್ಕಾರಿ ನೌಕರರಲ್ಲದ ಚಂದಾದಾರರಿಗೆ ಕಡ್ಡಾಯ ಆನ್ಯುಟಿಯ (ಕೂಡಿಟ್ಟ ಹಣದಿಂದ ಕೊಳ್ಳಬೇಕಾದ ಪಿಂಚಣಿ ಪಾಲಿಸಿಯ) ಪಾಲು ಶೇ 40ರಿಂದ ಶೇ 20ಕ್ಕೆ ಇಳಿಯಿತು, ಪೂರ್ತಿ ಹಣ ಪಡೆಯುವ ಮಿತಿ 5 ಲಕ್ಷದಿಂದ 8 ಲಕ್ಷಕ್ಕೆ ಏರಿತು. ಸರ್ಕಾರಿ ನೌಕರರಿಗೆ 60–40 ಹಾಗೇ ಇತ್ತು. ಎಐ ಒಮ್ಮೆ ಹಳೆಯದನ್ನು ಹೇಳುತ್ತದೆ, ಒಮ್ಮೆ ಹೊಸದನ್ನು ಎಲ್ಲರಿಗೂ ಹಚ್ಚುತ್ತದೆ. ಅದಕ್ಕಿಂತ ದೊಡ್ಡ ಕುಣಿಕೆ ತೆರಿಗೆಯದು. ತಿದ್ದುಪಡಿ ಬಂದಾಗ ಆದಾಯ ತೆರಿಗೆ ಕಾಯ್ದೆಯ ವಿನಾಯಿತಿ ಇದ್ದದ್ದು ಶೇ 60ಕ್ಕೆ. ಹಣ ತೆಗೆಯಲು ಒಂದು ಕಾನೂನು, ತೆಗೆದದ್ದಕ್ಕೆ ತೆರಿಗೆ ಹಾಕಲು ಇನ್ನೊಂದು. ಮೊದಲನೆಯದು ಬದಲಾದರೆ ಎರಡನೆಯದು ತಾನಾಗಿ ಬದಲಾಗುವುದಿಲ್ಲ. ‘ಶೇ 80 ತೆಗೆಯಿರಿ, ಎಲ್ಲವೂ ತೆರಿಗೆ ಮುಕ್ತ’ ಎಂದು ಬರೆಯುವ ಯಂತ್ರಕ್ಕೆ ಈ ಗೋಡೆ ಕಾಣುವುದಿಲ್ಲ. ಆನ್ಯುಟಿ ಪಾಲಿಸಿಯಂತೂ ಅದನ್ನು ವಾಪಸು ಕೊಡಬಹುದಾದ ಮೊದಲ ಕೆಲವು ದಿನಗಳ ‘ಫ್ರೀ-ಲುಕ್’ ಅವಧಿ ಮುಗಿದ ಮೇಲೆ ಬದಲಿಸುವ ಹಾಗಿಲ್ಲ.

ತೆರಿಗೆಯದೇ ಇನ್ನೊಂದು ಉದಾಹರಣೆ. 2025–26ರಲ್ಲಿ ಒಬ್ಬ ನಿವೃತ್ತರಿಗೆ ಪಿಂಚಣಿ 8,75,000 ರೂಪಾಯಿ, ಷೇರನ್ನು ಕೊಂಡ ವರ್ಷದೊಳಗೇ ಮಾರಿದ ಲಾಭ 2 ಲಕ್ಷ. ಹೊಸ ತೆರಿಗೆ ಪದ್ಧತಿ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಒಟ್ಟು ಆದಾಯ 10 ಲಕ್ಷ. ‘12 ಲಕ್ಷದವರೆಗೆ ತೆರಿಗೆ ಇಲ್ಲ, ನೀವು ಸೊನ್ನೆ ಕಟ್ಟಬೇಕು’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಆದರೆ ಆ ರಿಯಾಯಿತಿ ವಿಶೇಷ ದರದ ಲಾಭಕ್ಕೆ ಅನ್ವಯಿಸುವುದಿಲ್ಲ. ಪಿಂಚಣಿಯ 8 ಲಕ್ಷದ ಮೇಲಿನ 20,000 ಮನ್ನಾ ಆಗುತ್ತದೆ, ಷೇರು ಲಾಭಕ್ಕೆ ಶೇ 20ರಂತೆ 40,000, ಅದಕ್ಕೆ ಶೇ 4 ಸೆಸ್ ಸೇರಿ 41,600 ಕಟ್ಟಬೇಕು. 1 ಏಪ್ರಿಲ್ 2026ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಕಲಂ ಸಂಖ್ಯೆಗಳೂ ಬದಲಾಗಿವೆ. 80ಸಿ, 87ಎ ಎಂದು ಸರಾಗವಾಗಿ ಹೇಳುವ ಉತ್ತರ ಯಾವ ವರ್ಷದ್ದು ಎಂಬ ಅನುಮಾನ ಮೊದಲು ಬರಬೇಕು. ಐದು ವರ್ಷಕ್ಕೆ ಮೊದಲು ಪಿಎಫ್ ತೆಗೆದರೆ ಮೊತ್ತ 50,000 ಅಥವಾ ಹೆಚ್ಚಿದ್ದರೆ ಶೇ 10 ಟಿಡಿಎಸ್ ಕಡಿಯುತ್ತಾರೆ, ಪ್ಯಾನ್ ಇಲ್ಲದಿದ್ದರೆ ಶೇ 20. ಆ ಐದು ವರ್ಷಕ್ಕೆ ವರ್ಗಾಯಿಸಿಕೊಂಡ ಹಿಂದಿನ ಕಂಪನಿಯ ಸೇವೆಯೂ ಸೇರುತ್ತದೆ. ಟಿಡಿಎಸ್ ಕಡಿದ ಮಾತ್ರಕ್ಕೆ ತೆರಿಗೆ ಮುಗಿಯಿತು ಎಂದೂ ಅಲ್ಲ.

ರಾಜ್ಯದ ಆರ್ಥಿಕ ಇಲಾಖೆಗೆ ಪ್ರತಿ ಕಳಿಸಿರುವುದಕ್ಕೂ ಕಾರಣವಿದೆ. ಕೇಂದ್ರ ನೌಕರರಿಗೆ ಎನ್‌ಪಿಎಸ್ 1 ಜನವರಿ 2004ರಿಂದ, ಕರ್ನಾಟಕದ ನೌಕರರಿಗೆ 1 ಏಪ್ರಿಲ್ 2006ರಿಂದ. 2005ರಲ್ಲಿ ಸೇರಿದ ರಾಜ್ಯದ ಮೇಷ್ಟರಿಗೆ ‘ನಿಮಗೆ ಹಳೆಯ ಪಿಂಚಣಿ ಇಲ್ಲ’ ಎಂದು ಎಐ ಹೇಳುವುದು ಕೇಂದ್ರದ ತಾರೀಖು ಹಿಡಿದು. ಕಮ್ಯೂಟೇಷನ್, ಅಂದರೆ ಪಿಂಚಣಿಯ ಒಂದು ಭಾಗವನ್ನು ಒಮ್ಮೆಗೇ ಇಡುಗಂಟಾಗಿ ಪಡೆಯುವುದು, ಕೇಂದ್ರದಲ್ಲಿ ಪಿಂಚಣಿಯ ಶೇ 40ರವರೆಗೆ, ನಮ್ಮಲ್ಲಿ ಮೂರನೇ ಒಂದು ಭಾಗ. 30,000 ಪಿಂಚಣಿಗೆ ಅಲ್ಲಿ 12,000, ಇಲ್ಲಿ 10,000. ಗುಣಕದ ಪಟ್ಟಿಯನ್ನೂ ಆಯಾ ಸರ್ಕಾರದ್ದೇ ನೋಡಬೇಕು. 1 ಏಪ್ರಿಲ್ 2025ರಿಂದ ಬಂದ ಏಕೀಕೃತ ಪಿಂಚಣಿ ಯೋಜನೆ ಕೇಂದ್ರ ನೌಕರರದ್ದು; ಅದರ ‘ಕೊನೆಯ 12 ತಿಂಗಳ ಸರಾಸರಿಯ ಅರ್ಧ’ ಎಂಬ ಲೆಕ್ಕವನ್ನು ವಿಧಾನಸೌಧದ ಸಿಬ್ಬಂದಿಗೆ ಹಚ್ಚುವಂತಿಲ್ಲ. ರಾಜ್ಯದ ಆದೇಶಗಳು ಕನ್ನಡದಲ್ಲೇ ಹೊರಡುತ್ತವೆ, ಸಂತೋಷ. ಆದರೆ ಅವುಗಳಲ್ಲಿ ಹಲವು ಸಹಿ, ಮೊಹರು ಸಮೇತ ಸ್ಕ್ಯಾನ್ ಮಾಡಿದ ಚಿತ್ರಗಳು. ಹುಡುಕಿದರೆ ಸಿಗುವುದಿಲ್ಲ, ಯಂತ್ರ ಓದಲು ಹೋದರೆ ಒತ್ತಕ್ಷರ ಕೆಡುತ್ತದೆ. ಕೇಂದ್ರದ ಇಂಗ್ಲಿಷ್ ಆದೇಶಗಳಲ್ಲಿ ಹಲವು ಪಠ್ಯವಾಗಿಯೇ ಇವೆ. ಕನ್ನಡದಲ್ಲಿ ಪಿಂಚಣಿ ಕೇಳಿದವರಿಗೆ ದಿಲ್ಲಿಯ ನಿಯಮ ಕನ್ನಡದಲ್ಲಿ ಬರುವುದು ಈ ಕಾರಣಕ್ಕೆ.

ಖಾಸಗಿ ಮಾಹಿತಿಯ ಮಾತು ಚಿಕ್ಕದಾಗಿ ಹೇಳುತ್ತೇವೆ, ಏಕೆಂದರೆ ಅದರಲ್ಲಿ ಎರಡು ಅಭಿಪ್ರಾಯ ಇಲ್ಲ. ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ), ಆಧಾರ್, ಪ್ಯಾನ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆ ಇವ್ಯಾವುವೂ ಚಾಟ್‌ಗೆ ಹೋಗಬಾರದು. ಫಾರ್ಮ್ 16 ಅಥವಾ ಪಾಸ್‌ಬುಕ್ ಪಿಡಿಎಫ್‌ನಲ್ಲಿ ಇವು ಮೇಲ್ಭಾಗದಲ್ಲೇ ಇರುತ್ತವೆ, ಅಪ್‌ಲೋಡ್ ಮಾಡಿದರೆ ಎಲ್ಲವೂ ಹೋದಂತೆ. ಲೆಕ್ಕಕ್ಕೆ ಬೇಕಾದದ್ದು ತಾರೀಖು ಮತ್ತು ಮೊತ್ತ, ಹೆಸರಲ್ಲ. ಸಹಾಯವಾಣಿ ನಂಬರನ್ನು ಎಐಗೆ ಕೇಳಲೇಬೇಡಿ. ಇಂಟರ್ನೆಟ್ಟಿನಲ್ಲಿ ವಂಚಕರು ಹಾಕಿದ ನಂಬರನ್ನೂ ಅದು ಅಷ್ಟೇ ನಯವಾಗಿ ಕೊಡಬಲ್ಲದು. ಇಪಿಎಫ್‌ಒ ಸಹಾಯವಾಣಿ 14470. ವಂಚನೆಯಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಜೀವನ ಪ್ರಮಾಣಪತ್ರ ಅಪ್‌ಡೇಟ್ ಮಾಡುತ್ತೇವೆ, ಒಟಿಪಿ ಹೇಳಿ ಎಂದು ಯಾರೇ ಕೇಳಿದರೂ ಫೋನ್ ಇಡಿ. ಅಂದಹಾಗೆ, ಇಪಿಎಸ್ ಪಿಂಚಣಿದಾರರು ಅದನ್ನು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ನವೆಂಬರ್‌ನಲ್ಲಿ ಸಾಲು ನಿಲ್ಲುವ ಅಗತ್ಯವಿಲ್ಲ.

ಹಾಗಾದರೆ ಎಐ ಯಾವುದಕ್ಕೆ ಒಳ್ಳೆಯದು? ಇಂಗ್ಲಿಷ್ ಸುತ್ತೋಲೆಯನ್ನು ತಾವೇ ಇಪಿಎಫ್‌ಒ ಜಾಲತಾಣದಿಂದ ಇಳಿಸಿಕೊಂಡು, ಅದರ ಪಠ್ಯ ಹಾಕಿ ‘ಇದರಲ್ಲಿ ಇರುವುದನ್ನಷ್ಟೇ ಕನ್ನಡದಲ್ಲಿ ವಿವರಿಸು, ಹೊರಗಿನದು ಸೇರಿಸಬೇಡ’ ಎಂದರೆ ಚೆನ್ನಾಗಿ ಮಾಡುತ್ತದೆ. ದೂರು ಅರ್ಜಿಯ ಭಾಷೆ ತಿದ್ದುತ್ತದೆ. ಎಕ್ಸೆಲ್‌ನಲ್ಲಿ ಬಡ್ಡಿ ಲೆಕ್ಕದ ಸೂತ್ರ ಬರೆದುಕೊಡುತ್ತದೆ. ಕೇಳುವ ಕ್ರಮವೂ ಮುಖ್ಯ. ‘ನನಗೆ ಎಷ್ಟು ಪಿಂಚಣಿ?’ ಎನ್ನುವ ಬದಲು ಮೊದಲು ಹೀಗೆ ಕೇಳಿ: ‘ಇಪಿಎಸ್-95 ಪಿಂಚಣಿ ಲೆಕ್ಕ ಹಾಕಲು ನನ್ನಿಂದ ಯಾವ ಯಾವ ವಿವರ ಬೇಕು? ಅದೆಲ್ಲ ಸಿಗುವ ತನಕ ಮೊತ್ತ ಹೇಳಬೇಡ. 1 ಸೆಪ್ಟೆಂಬರ್ 2014ರ ಹಿಂದಿನ, ಮುಂದಿನ ಸೇವೆಯನ್ನು ಬೇರೆ ಬೇರೆ ತೋರಿಸು. ಪ್ರತಿ ಸಾಲಿಗೆ ಪ್ಯಾರಾ ಸಂಖ್ಯೆ ಮತ್ತು ಅದು ಜಾರಿಯಾದ ದಿನಾಂಕ ಬರೆ.’ ಆಮೇಲೆ ಆ ಪ್ಯಾರಾವನ್ನು ಮೂಲದಲ್ಲಿ ತೆಗೆದು ನೋಡಿ. ಇಲ್ಲದ ಪ್ಯಾರಾ, ಇಲ್ಲದ ಸುತ್ತೋಲೆ ಸಂಖ್ಯೆ ಸೃಷ್ಟಿಸುವುದು ಇದರ ಹಳೆಯ ಚಾಳಿ. ನಿಮಗೆ ಬೇಕಾದ ಉತ್ತರದ ಸುಳಿವಂತೂ ಕೊಡಬೇಡಿ. ‘ಸ್ನೇಹಿತನಿಗೆ ಹತ್ತು ಸಾವಿರ ಬರ್ತಿದೆಯಲ್ಲ’ ಎಂದರೆ ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಎಂದು ಸರಿಯಿದ್ದ ಲೆಕ್ಕವನ್ನೂ ತಿರುಗಿಸಿಬಿಡುತ್ತದೆ. 10ಸಿ, ಪಿಂಚಣಿ ಶುರು ಮಾಡಿಸುವ ಅರ್ಜಿ 10ಡಿ, ಆನ್ಯುಟಿ ಆಯ್ಕೆ, ರಾಜೀನಾಮೆಯ ತಾರೀಖು, ಹೀಗೆ ಮರಳಿ ಪಡೆಯಲಾಗದ ಯಾವ ಹೆಜ್ಜೆಯನ್ನೂ ಅದರ ಮಾತಿನ ಮೇಲೆ ಇಡಬೇಡಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಪಾಸ್‌ಬುಕ್ ಮತ್ತು ಸರ್ವಿಸ್ ಹಿಸ್ಟರಿ ಮುದ್ರಿಸಿಕೊಂಡು ಹೋಗಿ, ಅಧಿಕಾರಿಯ ಬಾಯಿಂದಲೇ ಕೇಳಿ.

ಮಾನ್ಯ ಆಯುಕ್ತರೇ, ಈಗ ತಮ್ಮಿಂದ ಆಗಬೇಕಾದ್ದು.

ಹೂಡಿಕೆ ಸಲಹೆಗಾರರು ಎಐ ಬಳಸಿದರೆ ಗ್ರಾಹಕರಿಗೆ ತಿಳಿಸಬೇಕು, ಅದರ ಫಲಕ್ಕೆ ತಾವೇ ಹೊಣೆ ಹೊರಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಪಿಂಚಣಿ ಸಲಹೆಗೆ ಅಂಥ ಯಜಮಾನರೇ ಇಲ್ಲ. ಉತ್ತರ ಕೊಟ್ಟ ಆ್ಯಪ್ ‘ತಪ್ಪಿರಬಹುದು, ಪರಿಶೀಲಿಸಿ’ ಎಂದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ. ಪರಿಶೀಲಿಸುವುದು ಎಲ್ಲಿ? ಇಪಿಎಸ್-95 ಯೋಜನೆಯ ಇಂದಿನವರೆಗಿನ ಎಲ್ಲ ತಿದ್ದುಪಡಿ ಸೇರಿಸಿದ ಪಠ್ಯ ಕನ್ನಡದಲ್ಲಿ, ಯೂನಿಕೋಡ್‌ನಲ್ಲಿ, ಪ್ರತಿ ಪ್ಯಾರಾದ ಪಕ್ಕ ಜಾರಿಯ ದಿನಾಂಕದೊಡನೆ ಬರಬೇಕು. ಸುತ್ತೋಲೆಯ ತಲೆಯಲ್ಲೇ ಮೂರು ಸಾಲು ಇರಲಿ: ಯಾರಿಗೆ ಅನ್ವಯ, ಯಾವ ದಿನದಿಂದ, ಹಿಂದಿನ ಯಾವ ಸುತ್ತೋಲೆ ರದ್ದು. ಮುಗಿದ ಅವಕಾಶದ ಪುಟಗಳ ಮೇಲೆ ‘ಮುಗಿದಿದೆ’ ಎಂದು ದೊಡ್ಡದಾಗಿ ಬರೆಯಿರಿ. ಅದನ್ನು ಯಂತ್ರವೂ ಓದುತ್ತದೆ.

ಪಿಪಿಒ ಜೊತೆಗೆ ಲೆಕ್ಕದ ಹಾಳೆ ಕೊಡಿ. 2014ರ ಹಿಂದಿನ ಸೇವೆ ಎಷ್ಟು, ಮುಂದಿನದು ಎಷ್ಟು, ಎನ್‌ಸಿಪಿ ದಿನ ಎಷ್ಟು ಕಳೆದಿದ್ದೀರಿ, ಸರಾಸರಿ ಎಷ್ಟು ಹಿಡಿದಿದ್ದೀರಿ ಎಂಬ ನಾಲ್ಕು ಸಂಖ್ಯೆ ಕನ್ನಡದಲ್ಲಿದ್ದರೆ, ತಿಂಗಳಿಗೆ 2,700 ಬಂದದ್ದು ಏಕೆಂದು ಯಾರೂ ಮೊಬೈಲ್ ಕೇಳಬೇಕಾಗಿಲ್ಲ. ಮುಂದೆ ಪೋರ್ಟಲ್‌ಗೆ ತಮ್ಮದೇ ಎಐ ಸಹಾಯಕವನ್ನು ತರುವುದಾದರೆ ಅದು ಕೊಟ್ಟ ಉತ್ತರದ ಪ್ರತಿ ಸದಸ್ಯರ ಖಾತೆಯಲ್ಲಿ ಉಳಿಯಲಿ. ಆ ಉತ್ತರ ನಂಬಿ ಅರ್ಜಿ ಹಾಕಿ ನಷ್ಟವಾದವರು ಅದನ್ನು ದೂರಿನ ಜೊತೆ ಲಗತ್ತಿಸುವಂತಿರಲಿ. 14470ರಲ್ಲಿ ಪಿಂಚಣಿ ಲೆಕ್ಕ ಬಲ್ಲವರು ಕನ್ನಡದಲ್ಲಿ ಸಿಗಲಿ.

ಇವೆಲ್ಲಕ್ಕೂ ಸಮಯ ಹಿಡಿಯುತ್ತದೆ ಎಂದಾದರೆ ಮೊದಲು 10ಸಿ ಪರದೆಯನ್ನು ಬದಲಿಸಿ, ಅದಕ್ಕೆ ಯಾವ ಕಾಯ್ದೆ ತಿದ್ದುಪಡಿಯೂ ಬೇಡ. ಸದಸ್ಯರು ಒಟಿಪಿ ಒತ್ತುವ ಮುಂಚೆ, ಅವರ ಭಾಷೆಯಲ್ಲಿ, ಅವರದೇ ಅಂಕಿಯಲ್ಲಿ ಎರಡು ಸಾಲು ಕಾಣಲಿ: ‘ಈ ಹಣ ಪಡೆದರೆ ನಿಮ್ಮ 8 ವರ್ಷದ ಪಿಂಚಣಿ ಸೇವೆ ರದ್ದಾಗುತ್ತದೆ. ಸೇವೆ ಉಳಿಸಿಕೊಳ್ಳಲು ಸ್ಕೀಮ್ ಸರ್ಟಿಫಿಕೇಟ್ ಆರಿಸಿ.’

ಇಂತಿ,
ಪಿಎಫ್, ಪಿಂಚಣಿ ಮತ್ತು ತೆರಿಗೆ ಕೆಲಸದಲ್ಲಿರುವ ಕೆಲವರು
ಬೆಂಗಳೂರು